ಗುಡ್ಡದ ಹಾದಿಯಲ್ಲಿ ನಾಯಿಯ ಜೊತೆ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನಲ್ಲಿ ನಾಯಿಯಿಲ್ಲದ ತೋಟದ ಮನೆ ಅಪರೂಪ. ತೋಟದಂಚಿನ ಗುಡ್ಡ ಹತ್ತುವಾಗ ನಾಯಿ ಜೊತೆಗಿದ್ದರೆ ಧೈರ್ಯ, ಕಾಡುಪ್ರಾಣಿಯ ಸುಳಿವು ಮೊದಲೇ ಸಿಗುತ್ತದೆ ಎಂಬುದು ಅನೇಕರ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸರಿ. ವಾಸನೆ ಹಿಡಿಯುವುದರಲ್ಲಿ ನಾಯಿ ನಮಗಿಂತ ಬಹಳ ಮುಂದಿದೆ, ನಿಜ. ಆದರೆ ಬಿದಿರುಮೆಳೆಯ ಮರೆಯಲ್ಲಿ ನಿಂತ ಆನೆಯನ್ನೋ ಮರಿಗಳೊಂದಿಗಿರುವ ಕಾಡುಹಂದಿಯನ್ನೋ ಬೊಗಳಿ ಕೆರಳಿಸಿದ ಮೇಲೆ ಅದು ಹೆದರಿ ಓಡಿಬರುವುದು ಯಜಮಾನರ ಕಾಲಬುಡಕ್ಕೇ, ಮತ್ತು ಕೆರಳಿದ ಪ್ರಾಣಿಯೂ ಅದರ ಬೆನ್ನಿಗೇ ಬರುತ್ತದೆ. ಆದ್ದರಿಂದ ಕಾಡಿನ ದಾರಿಯಲ್ಲಿ ನಾಯಿಯ ಕೊರಳಿಗೆ ಹಗ್ಗವಿರಬೇಕು, ಹಗ್ಗದ ತುದಿ ನಮ್ಮ ಕೈಯಲ್ಲಿರಬೇಕು.

ಚಿರತೆಯ ವಿಷಯ ಬೇರೆ. ಅದಕ್ಕೆ ನಾಯಿಯೇ ಬೇಟೆ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ ಅಲ್ಲಿನ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 39ರಷ್ಟು ಸಾಕುನಾಯಿಗಳೇ ಆಗಿದ್ದವು. ಮುಸ್ಸಂಜೆಯ ಮತ್ತು ನಸುಕಿನ ನಡಿಗೆಯನ್ನು ಬಿಟ್ಟು, ಬಿಸಿಲೇರಿದ ಮೇಲೆ ಹೊರಡುವುದು ಕ್ಷೇಮ.

ಮುಳ್ಳುಹಂದಿ ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಎಸೆಯುವುದಿಲ್ಲ, ಮುಳ್ಳು ನಿಮಿರಿಸಿ ಹಿಮ್ಮುಖವಾಗಿ ನುಗ್ಗುತ್ತದೆ, ಮೂತಿ ಚಾಚಿದ ನಾಯಿಗೆ ಅಷ್ಟೇ ಸಾಕು. ಮುಳ್ಳು ಒಳಗೇ ಮುರಿದರೆ ಕೀವಾಗುತ್ತದೆ. ಆದ್ದರಿಂದ ಮನೆಯಲ್ಲಿ ಎಳೆದು ನೋಡುವ ಸಾಹಸ ಬೇಡ, ಅರಿವಳಿಕೆ ಕೊಟ್ಟು ತೆಗೆಯುವ ಪಶುವೈದ್ಯರೇ ಬೇಕು.

ಇಷ್ಟೆಲ್ಲ ನಮ್ಮ ನಾಯಿಗೆ ಕಾಡಿನಿಂದ ಬರುವ ಅಪಾಯ. ನಮ್ಮ ನಾಯಿಯಿಂದ ಕಾಡಿಗಾಗುವ ಅಪಾಯ ಇದಕ್ಕಿಂತ ದೊಡ್ಡದೆಂದು ನಾನು ತಿಳಿಯುತ್ತೇನೆ. ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ಎಂಬ ವೈರಾಣು ರೋಗ ಕಾಡಿನ ಬೇಟೆಗಾರ ಪ್ರಾಣಿಗಳಿಗೂ ತಗಲುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಸಿಂಹಗಳು ಇದಕ್ಕೆ ಬಲಿಯಾದವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವೈರಾಣು ಪತ್ತೆಯಾಯಿತು. ನಮ್ಮ ಘಟ್ಟದ ಕೆನ್ನಾಯಿಗಳಂತೂ ನಾಯಿಯ ಕುಲಕ್ಕೇ ಸೇರಿದವು, ಗುಂಪಾಗಿ ಬಾಳುವವು; ಒಂದಕ್ಕೆ ರೋಗ ತಗಲಿದರೆ ಇಡೀ ಗುಂಪಿಗೆ ಹರಡಲು ತಡವಾಗದು. ರೇಬಿಸ್ ಚುಚ್ಚುಮದ್ದನ್ನು ತಪ್ಪದೆ ಹಾಕಿಸುವವರೂ ಡಿಸ್ಟೆಂಪರ್ ಲಸಿಕೆಯನ್ನು ಮರೆಯುವುದುಂಟು.

ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳೊಳಗೆ ಸಾಕುನಾಯಿಗಳನ್ನು ಒಯ್ಯಲು ಅವಕಾಶವಿಲ್ಲ. ಆದರೂ ಚಾರಣಿಗರ ಹಿಂದೆ ಊರನಾಯಿಗಳು ಬಿಸ್ಕತ್ತಿನ ಆಸೆಗೆ ಶಿಖರದವರೆಗೂ ಹೋಗುತ್ತವೆ; ದಾರಿಯಲ್ಲಿ ಕಾಡುಕುರಿಯನ್ನು ಅಟ್ಟುತ್ತವೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಎಬ್ಬಿಸುತ್ತವೆ. ಅಂಥ ನಾಯಿಗೆ ತಿನ್ನಲು ಕೊಡುವುದಾದರೆ ಹಾದಿ ಮುಗಿಸಿ ಊರಿಗೆ ಮರಳಿದ ಮೇಲೆ ಕೊಡಿ; ಹೊರಡುವಾಗ ಬಿಸ್ಕತ್ತಿನ ಪೊಟ್ಟಣವನ್ನು ಚೀಲದಿಂದ ಹೊರತೆಗೆಯಬೇಡಿ.