ಮೊದಲು ಪದ ಕೇಳಿ ಮಾರಾಯ್ರೆ

ಎಲ್ಲರಿಗೂ ನಮಸ್ಕಾರ, ಕಾಸರಗೋಡಿನಿಂದ ಮಾತಾಡ್ತಾ ಇದ್ದೇನೆ. ಮೊನ್ನೆ ನಮ್ಮ ಚಾನೆಲಲ್ಲಿ ಒಂದು ಹುಡುಗಿ ಯಕ್ಷಗಾನದ ಪದ ಹಾಡುವ, ಅಂದ್ರೆ ಭಾಗವತಿಕೆ ಮಾಡುವ ವಿಡಿಯೋ ಹಾಕಿದ್ದೆವು, ಕೆಳಗೆ ಒಬ್ರ ಕಮೆಂಟು, "ಸೀರೆ ಲಾಯ್ಕುಂಟು, ಆದ್ರೆ ಭಾಗವತಿಕೆ ಹೆಂಗಸರಿಗೆ ಹೇಳಿದ್ದಲ್ಲ." ರಾಗ ಯಾವುದು, ತಾಳ ತಪ್ಪಿತಾ, ಸಾಹಿತ್ಯ ಸ್ಪಷ್ಟ ಇತ್ತಾ, ಅದರ ಬಗ್ಗೆ ಒಂದಕ್ಷರ ಇಲ್ಲ. ನಾನು ಹೇಳುವುದು ಇಷ್ಟೇ, ಮೊದಲು ಪದ ಕೇಳಿ, ಆಮೇಲೆ ಬಾಯಿ ತೆರೀರಿ.

ಇಲ್ಲೇ ನಮ್ಮ ಮಧೂರಿನಲ್ಲಿ ಹುಟ್ಟಿದವರಲ್ವಾ ಲೀಲಾವತಿ ಬೈಪಾಡಿತ್ತಾಯರು? ಶಾಸ್ತ್ರೀಯ ಸಂಗೀತ ಕಲ್ತು, ಮದುವೆಯಾದ ಮೇಲೆ ಗಂಡ ಹರಿನಾರಾಯಣ ಬೈಪಾಡಿತ್ತಾಯರ ಜೊತೆ ಯಕ್ಷಗಾನಕ್ಕೆ ಬಂದು, ಭಾಗವತರಾಗಿ ಮೇಳದೊಟ್ಟಿಗೆ ಊರೂರು ತಿರುಗಾಟವನ್ನೇ ಮಾಡಿದವರು. ಎದುರು ಚೆಂಡೆ ಬಡೀತಾ ಇರುವಾಗ ಜಾಗಟೆ ಹಿಡ್ದು ಪದ ಹೇಳುವುದು ಅಂದ್ರೆ ಮೊಬೈಲಲ್ಲಿ ಕಮೆಂಟ್ ಒತ್ತಿದ ಹಾಗಲ್ಲ. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಲ್ಲಿ ತೀರಿಹೋದ್ರು, ಆಗ ಊರಿಡೀ ಅವರ ಫೋಟೋ ಸ್ಟೇಟಸ್ಸಲ್ಲಿ. ಅದೇ ಊರಿನವರೇ ಇವತ್ತು ಈ ಹುಡುಗಿಗೆ ನಿನಗ್ಯಾಕೆ ಅಂತ ಕೇಳುವುದು! ನನಗೆ ಸಿಟ್ಟು ಬರುವುದು ಅಲ್ಲೇ.

"ಹೆಂಗಸರದ್ದು ಶ್ರುತಿ ಏರ್ತದೆ, ವೇಷ ಹಾಕಿ ಕುಣಿಯುವವರಿಗೆ ಕಷ್ಟ" ಅಂತ ಕೆಲವರು ಹೇಳ್ತಾರೆ. ಗಂಡಸು ಏರು ಶ್ರುತಿಯಲ್ಲಿ ಹಾಡಿದ್ರೆ ಎಂತಹ ಕಂಠ ಅಂತ ಚಪ್ಪಾಳೆ ಹೊಡೆಯುವವರೂ ಇವರೇ. ಪದ ಕೇಳಿದ್ದೀರಾ ನೀವು? ಕೇಳ್ಲಿಲ್ಲ.

ಇದು ಇವತ್ತಿನದ್ದಲ್ಲ. ತಮಿಳುನಾಡಿನ ತಿರುವೈಯಾರಲ್ಲಿ ಸಂಗೀತಗಾರ ತ್ಯಾಗರಾಜರ ಸಮಾಧಿ ಎದುರು ವರ್ಷವರ್ಷ ನಡೆಯುವ ಆರಾಧನೆಯಲ್ಲಿ ಹಿಂದೆ ಹೆಂಗಸರಿಗೆ ಹಾಡ್ಲಿಕ್ಕೆ ಬಿಡ್ತಿರ್ಲಿಲ್ಲ, ಆ ಸಮಾಧಿಗೆ ತನ್ನ ಕೈಯಿಂದ ದುಡ್ಡು ಹಾಕಿ ಗುಡಿ ಕಟ್ಟಿಸಿದ ಗಾಯಕಿ ಬೆಂಗಳೂರು ನಾಗರತ್ನಮ್ಮನಿಗೇ ಬಿಡ್ತಿರ್ಲಿಲ್ಲ, ಅವರು ಹೆಂಗಸರನ್ನೇ ಸೇರಿಸಿ ಬೇರೆಯಾಗಿ ಹಾಡಿದ್ರು! ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಮೊದಲ ಸಲ ಒಬ್ಬ ಹೆಂಗಸಿಗೆ ಸಿಕ್ಕಿದ್ದು 1968ರಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ. ಅಲ್ಲಿವರೆಗೆ ಯಾರೂ ಹಾಡ್ಲೇ ಇಲ್ವಾ? ಘಟಂ ನುಡಿಸುವ ಸುಕನ್ಯಾ ರಾಮಗೋಪಾಲ್ ಅವರೊಟ್ಟಿಗೆ ನುಡಿಸ್ಲಿಕ್ಕೆ ಆಗೋದಿಲ್ಲ ಅಂದ ಮೃದಂಗದವರಿದ್ರು. ಅವರ ಕೈ ಕೇಳಿ ಹೇಳಿದ್ದಾ ಅದು, ಅಲ್ಲ, ಹೆಂಗಸು ಅಂತ ಹೇಳಿದ್ದು. ಸಿನೆಮಾದಲ್ಲೂ ಹಾಗೇ, 2018ರಲ್ಲಿ ಗಾಯಕಿ, ಡಬ್ಬಿಂಗ್ ಕಲಾವಿದೆ ಚಿನ್ಮಯಿ ಮೀಟೂ ಬಗ್ಗೆ ಬಾಯಿ ಬಿಟ್ಟದ್ದೇ ತಡ, ತಮಿಳು ಡಬ್ಬಿಂಗ್ ಯೂನಿಯನ್ನಿಂದ ಹೊರಗೆ. ಸ್ವರ ಅದೇ ಅಲ್ವಾ, ರಾತ್ರಿ ಬೆಳಗಾಗುವಾಗ ಕೆಟ್ಟುಹೋಯ್ತಾ?

ಈಚೆ 2022ರಲ್ಲಿ ಕೇರಳದ ಅಟ್ಟಪ್ಪಾಡಿಯ ಬುಡಕಟ್ಟು ಗಾಯಕಿ ನಂಜಿಯಮ್ಮನಿಗೆ ಸಿನೆಮಾ ಹಾಡಿಗೆ ರಾಷ್ಟ್ರಪ್ರಶಸ್ತಿ ಘೋಷಣೆ ಆದಾಗಲೂ, ಸಂಗೀತ ಕಲಿಯದವರಿಗೆ ಯಾಕೆ ಅಂತ ಕೇಳಿದವರುಂಟು. ಕಲ್ತ್ರೆ ನಿನಗೆ ಹೇಳಿದ್ದಲ್ಲ, ಕಲೀದಿದ್ರೆ ನಿನಗೆ ಗೊತ್ತಿಲ್ಲ. ಎಂತ ಮಾಡ್ಬೇಕು ಮತ್ತೆ ಹೆಂಗಸರು?

ಹಾಂ, ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಮಾಡಿ, ಬೆಲ್ ಒತ್ತಿ, ಮುಂದಿನ ವಾರ ಚೆಂಡೆ ಕಲಿಯುವ ಹೆಣ್ಣುಮಕ್ಕಳನ್ನು ಕೂರಿಸಿ ಮಾತಾಡ್ಲಿಕ್ಕುಂಟು. "ನೀವು ವ್ಯೂಸಿಗೆ ಬೇಕಾಗಿ ಹೆಂಗಸರ ಪರ ಮಾತಾಡ್ತೀರಿ" ಅಂತ ಬರೀತೀರಲ್ಲ, ಬರೀರಿ. ಸಂಪ್ರದಾಯ ಅಂತೀರಾ, ಅದನ್ನೂ ಬರೀರಿ, ನಾನು ಓದುದಿಲ್ಲ. ಆ ಹುಡುಗಿಯ ವಿಡಿಯೋದ ಲಿಂಕ್ ಕೆಳಗುಂಟು, ಕಣ್ಣು ಮುಚ್ಚಿ ಪೂರ್ತಿ ಕೇಳಿ, ತಾಳ ಎಲ್ಲಿ ತಪ್ಪಿದೆ ಅಂತ ನಿಮಿಷ ಸೆಕೆಂಡ್ ಹಾಕಿ ಬರೀರಿ, ಅಂಥ ಕಮೆಂಟನ್ನು ನಾನೇ ಪಿನ್ ಮಾಡ್ತೇನೆ.