ಹೊಳೆಯ ತಳದ ಕಪ್ಪೆಚಿಪ್ಪು

ಕೇಳುಗರೇ, ನಮಸ್ಕಾರ. ಕಾವೇರಿ ಹುಟ್ಟುವುದು ನಮ್ಮ ಕೊಡಗಿನಲ್ಲಿ, ಸಮುದ್ರ ಸೇರುವಷ್ಟರಲ್ಲಿ ಸುಮಾರು 800 ಕಿಲೋಮೀಟರ್ ಹರಿದಿರುತ್ತದೆ. ಇಷ್ಟು ಉದ್ದದ ಹೊಳೆಯಲ್ಲಿ ಕಪ್ಪೆಚಿಪ್ಪು ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲ. ಯಾಕೆ ಅಂತ ಇವತ್ತು ಹೇಳುತ್ತೇನೆ.

ಈ ಜೀವಿ ಮರಳಿನಲ್ಲಿ ಅರ್ಧ ಹೂತುಕೊಂಡು, ನೀರನ್ನು ಒಳಗೆಳೆದು ಸೋಸಿ, ಅದರಲ್ಲಿರುವ ಪಾಚಿಯ ಕಣ ತಿಂದು ಬದುಕುತ್ತದೆ. ಹಾಗಾಗಿ ಅದಕ್ಕೆ ಅಲುಗಾಡದ ತಳ ಬೇಕು. ಭಾಗಮಂಡಲದ ಮೇಲಿನ ತೊರೆಗಳಲ್ಲಿ ಇಳಿಜಾರು ಜಾಸ್ತಿ, ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳ ಮಳೆಗೆ ಕಲ್ಲುಗಳೇ ಉರುಳುತ್ತವೆ, ಅಂಥ ಕಡೆ ಚಿಪ್ಪು ನೆಲೆಯೂರುವುದು ಕಷ್ಟ. ಕೆಳಗೆ ದುಬಾರೆ, ಕುಶಾಲನಗರದ ಕಡೆ ಹೊಳೆ ಅಗಲವಾಗಿ, ಮರಳು ಕೂರಲು ಜಾಗ ಸಿಗುತ್ತದೆ. ಅಲ್ಲೂ ಅಷ್ಟೇ, ಹೊಳೆ ತಿರುಗುವಲ್ಲಿ ನೀರು ಕೊರೆಯುವ ದಡ ಬಿಟ್ಟು ಎದುರು ದಡದಲ್ಲಿ, ದೊಡ್ಡ ಬಂಡೆಯ ಮರೆಯಲ್ಲಿ ನೋಡಬೇಕು.

ಜಾತಿಯೂ ಬದಲಾಗುತ್ತದೆ. ಪರೇಸಿಯಾ ಚಿಕ್ಕದು, ದುಂಡಗೆ, ದಪ್ಪ ಚಿಪ್ಪಿನದು, ಹರಿಯುವ ನೀರಿನ ಮರಳಲ್ಲಿ ಇರುತ್ತದೆ. ಲ್ಯಾಮೆಲಿಡೆನ್ಸ್ ಉದ್ದ, ಚಿಪ್ಪು ತೆಳು. ಅದಕ್ಕೆ ಕೆರೆ, ಕಾಲುವೆ, ನಿಧಾನದ ಕೆಸರು ನೀರೂ ಆಗುತ್ತದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮರಳಿನ ಮೇಲೆ ಹೂಳು ಕೂತರೆ, ಕೆಸರು ತಾಳುವ ಜಾತಿಗಳೇ ಉಳಿಯುತ್ತವೆ.

ಇನ್ನು ಮೀನಿನ ವಿಷಯ. ನನಗೆ ಇದೇ ತುಂಬಾ ಮುಖ್ಯ ಅನಿಸುತ್ತದೆ. ಈ ಚಿಪ್ಪಿನ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿರುವಾಗ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲವು ದಿನವೋ ವಾರವೋ ಅಲ್ಲೇ ಬೆಳೆದು, ಆಮೇಲೆ ಉದುರಿ ತಳಕ್ಕೆ ಸೇರುತ್ತದೆ. ತಾನಾಗಿ ಹೊಳೆಯ ಮೇಲಕ್ಕೆ ಹೋಗಲು ಅದಕ್ಕೆ ಆಗುವುದಿಲ್ಲ, ಮೀನೇ ಕರೆದೊಯ್ಯಬೇಕು. ಎಲ್ಲ ಮೀನೂ ಆಗುವುದಿಲ್ಲ, ಹೊಂದುವ ಜಾತಿಯೇ ಬೇಕು. ಹಾರಂಗಿಯಂಥ ಅಣೆಕಟ್ಟು ಅಡ್ಡ ಬಂದರೆ ಮೀನಿನ ಓಡಾಟ ನಿಲ್ಲುತ್ತದೆ, ಚಿಪ್ಪಿನದೂ ನಿಲ್ಲುತ್ತದೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರನ್ನು ದಯವಿಟ್ಟು ತೋಡಿಗೆ ಬಿಡಬೇಡಿ. ಪಲ್ಪಿಂಗ್ ಸಮಯದಲ್ಲಿ ಹೊಳೆಯಲ್ಲಿ ನೀರು ಕಡಿಮೆ, ಆ ಕೊಳೆ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಮೀನಾದರೂ ಓಡೀತು, ಚಿಪ್ಪು ಎಲ್ಲಿಗೆ ಹೋಗಬೇಕು?

ಬೇಸಿಗೆಯಲ್ಲಿ ಹೊಳೆಗೆ ಇಳಿದಾಗ ಸುಮ್ನೆ ಮರಳು ಕೆದಕಿ ನೋಡಿ. ದೊಡ್ಡವು ಸಿಕ್ಕಿದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ, ಇವು ಹಲವು ವರ್ಷ ಬದುಕುವ ಜೀವಿಗಳು. ಉಗುರಿನಷ್ಟು ಸಣ್ಣವೂ ಇವೆಯಾ ನೋಡಿ. ಎಷ್ಟು ಹುಡುಕಿದರೂ ಮರಿ ಕಾಣದಿದ್ದರೆ, ಅಲ್ಲಿ ಅವುಗಳ ಸಂತಾನ ನಿಂತುಹೋಗಿರಬಹುದು. ಜೀವಂತ ಚಿಪ್ಪನ್ನು ತೆಗೆದ ಜಾಗದಲ್ಲೇ ಮತ್ತೆ ಹೂತುಬಿಡಿ.