ಪರಂಗಿ ಹಣ್ಣು, ಪರಂಗಿ ಹುಣ್ಣು

(ಒಂದು ಪದವಿ ಕಾಲೇಜಿನ ಎಚ್‌ಐವಿ ಜಾಗೃತಿ ಕೂಟವಾದ ರೆಡ್ ರಿಬ್ಬನ್ ಕ್ಲಬ್‌ನಲ್ಲಿ ನಿವೃತ್ತ ಲ್ಯಾಬ್ ಟೆಕ್ನಿಷಿಯನ್ ಒಬ್ಬರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಪರಂಗಿ ಹಣ್ಣು ನೀವೆಲ್ಲ ತಿಂದಿದ್ದೀರಿ. ಪರಂಗಿ ಹುಣ್ಣು ಅಂದರೇನು ಅಂತ ಎಷ್ಟು ಜನಕ್ಕೆ ಗೊತ್ತು? ನಡುವೆ ಇರುವುದು ಒಂದೇ ಒಂದು ಕೊಂಬು. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗಕ್ಕೆ ಕನ್ನಡದಲ್ಲಿ ಇದ್ದ ಹಳೇ ಹೆಸರು ಅದು. ಪರಂಗಿಯವರು ಅಂದರೆ ಹಡಗಿನಲ್ಲಿ ಬಂದ ಬಿಳಿಯರು. 16ನೇ ಶತಮಾನದ ಆಯುರ್ವೇದದಲ್ಲೂ ಇದು ಫಿರಂಗ ರೋಗವೇ. ಇಟಲಿಯವರು ಇದನ್ನು ಫ್ರೆಂಚರ ರೋಗ ಅಂದರು. ರಷ್ಯದವರು ಪೋಲೆಂಡಿನವರ ರೋಗ ಅಂದರು. ನಮ್ಮದು ಅಂತ ಒಬ್ಬರೂ ಒಪ್ಪಿಕೊಳ್ಳಲಿಲ್ಲ. ಈಗಲೂ ಅಷ್ಟೇ ಅಲ್ವಾ?

ನಾನು ಡಾಕ್ಟರ್ ಅಲ್ಲ. ತಾಲ್ಲೂಕು ಆಸ್ಪತ್ರೆಯ ಲ್ಯಾಬ್‌ನಲ್ಲಿ 31 ವರ್ಷ ರಕ್ತ ತೆಗೆದವಳು. ಹಾಗಾಗಿ ರೋಗಕ್ಕಿಂತ ಟೆಸ್ಟಿನ ಮಾತೇ ಜಾಸ್ತಿ ಆಡುತ್ತೇನೆ.

ಸಿಫಿಲಿಸ್‌ಗೆ ನಾವು ಮಾಡುವ ಟೆಸ್ಟಿನ ಹೆಸರು ಆರ್‌ಪಿಆರ್. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅದು ಇನ್ನೂ ಹಳೇ ಟೆಸ್ಟಿನ ಹೆಸರಾದ ವಿಡಿಆರ್‌ಎಲ್. ತೋಳಿನಿಂದ ಸ್ವಲ್ಪ ರಕ್ತ ತೆಗೆದು ಮಶಿನ್‌ನಲ್ಲಿ ತಿರುಗಿಸಿದರೆ ಮೇಲೆ ತಿಳಿ ಹಳದಿ ಸೀರಂ ನಿಲ್ಲುತ್ತದೆ. ಅದರ ಒಂದು ತೊಟ್ಟನ್ನು ಬಿಳಿ ಕಾರ್ಡಿನ ಮೇಲಿರುವ ಗುಂಡನೆಯ ಜಾಗಕ್ಕೆ ಹಾಕುತ್ತೇವೆ. ಅದಕ್ಕೆ ಸಣ್ಣ ಇದ್ದಿಲ ಕಣಗಳಿರುವ ದ್ರವದ ಒಂದು ತೊಟ್ಟು. ಆಮೇಲೆ 8 ನಿಮಿಷ ಕಾರ್ಡನ್ನು ತಿರುಗಿಸುತ್ತಿರಬೇಕು. ಏನೂ ಇಲ್ಲದಿದ್ದರೆ ತೊಟ್ಟು ನುಣ್ಣಗೆ ಬೂದು ಬಣ್ಣಕ್ಕೆ ನಿಲ್ಲುತ್ತದೆ. ಇದ್ದರೆ ಕಪ್ಪು ಕಣಗಳು ಸೇರಿಕೊಂಡು ರಾಗಿ ಗಂಜಿಯ ಹಾಗೆ ಗಂಟು ಗಂಟಾಗುತ್ತವೆ. ಬರಿಗಣ್ಣಿಗೇ ಕಾಣುತ್ತದೆ.

ಒಂದು ದಿನ ಗರ್ಭಿಣಿಯರ ತಪಾಸಣೆಗೆ ಬಂದ ಒಬ್ಬಳ ಕಾರ್ಡಿನಲ್ಲಿ ಹಾಗೆ ಗಂಟು ಕಟ್ಟಿತು. ನಾಲ್ಕು ತಿಂಗಳ ಬಸುರಿ. ಮೈಮೇಲೆ ಒಂದು ಕಲೆಯಿಲ್ಲ, ಯಾವ ತೊಂದರೆಯೂ ಇಲ್ಲ. ಸೀರಂಗೆ ಅಷ್ಟೇ ಸಲೈನ್ ಬೆರೆಸಿ ನೋಡಿದೆ, ಗಂಟು. ಇನ್ನೂ ಅರ್ಧಕ್ಕೆ ತೆಳು ಮಾಡಿದೆ, ಗಂಟು. ಹಾಗೇ ಮಾಡುತ್ತಾ 32 ಪಟ್ಟು ತೆಳುವಾದಾಗಲೂ ಕಂಡಿತು. ಅದನ್ನು ನಾವು 1:32 ಅಂತ ಬರೆಯುತ್ತೇವೆ.

ಗಂಟು ಕಂಡ ಕೂಡಲೇ ಸಿಫಿಲಿಸ್ ಅಂತ ತೀರ್ಪು ಕೊಡುವ ಹಾಗಿಲ್ಲ. ಮಲೇರಿಯಾ, ಲೂಪಸ್, ಕೆಲವೊಮ್ಮೆ ಬರೀ ಬಸಿರಿನಲ್ಲೂ ಇದು ಸುಳ್ಳು ಹೇಳುವುದುಂಟು. ಅದಕ್ಕೇ ಟಿಪಿಎಚ್‌ಎ ಅಂತ ಇನ್ನೊಂದು ಟೆಸ್ಟ್. ಅವಳಿಗೆ ಅದೂ ಪಾಸಿಟಿವ್ ಬಂತು.

ಗಂಡನನ್ನು ಕರೆಸಿದರು. ಡಾಕ್ಟರು ಕೆದಕಿ ಕೆದಕಿ ಕೇಳಿದ ಮೇಲೆ ನೆನಪಾಯಿತು. ಮದುವೆಗೆ ಮುಂಚೆ ಒಂದು ಹುಣ್ಣಾಗಿತ್ತಂತೆ. ನೋವಿರಲಿಲ್ಲ. ಮೆಡಿಕಲ್ ಶಾಪಿನವನು ಒಂದು ಮುಲಾಮು ಕೊಟ್ಟ, ತಿಂಗಳೊಳಗೆ ಮಾಯವಾಯಿತು.

ಆ ಮುಲಾಮು ಏನೂ ಮಾಡಿರಲಿಲ್ಲ. ಈ ಹುಣ್ಣು ಮೂರರಿಂದ ಆರು ವಾರದಲ್ಲಿ ತಾನಾಗಿಯೇ ಒಣಗುತ್ತದೆ. ಬರೀ ನೀರು ಹಚ್ಚಿದ್ದರೂ ಒಣಗುತ್ತಿತ್ತು. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ 'ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ' ಅಂತ ಬರೆಸಿ, ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಕೂರುತ್ತಾರಲ್ಲ, ಅವರ ಗ್ಯಾರಂಟಿಯ ಗುಟ್ಟೂ ಇಷ್ಟೇ. ಹುಣ್ಣು ಒಣಗಿದರೂ ರೋಗಾಣು ರಕ್ತದಲ್ಲೇ ಇರುತ್ತದೆ. ಕೆಲವು ವಾರವಾದ ಮೇಲೆ ಅಂಗೈ, ಅಂಗಾಲಿನಲ್ಲಿ ಗುಳ್ಳೆ, ಕಲೆ ಏಳಬಹುದು. ಸಾಮಾನ್ಯವಾಗಿ ಅವು ಕೆರೆಯುವುದಿಲ್ಲ. ಅವೂ ಮಾಯವಾಗುತ್ತವೆ. ಆಮೇಲೆ ವರ್ಷಗಟ್ಟಲೆ ಸದ್ದೇ ಇಲ್ಲ. ಕೆಲವರಿಗೆ ಮುಂದೆಂದೋ ಹೃದಯಕ್ಕೆ, ಮೆದುಳಿಗೆ ಕೈ ಹಾಕುತ್ತದೆ. ಬಸುರಿಯಾದರೆ ಹೊಟ್ಟೆಯೊಳಗಿನ ಮಗುವಿಗೇ ಹೋಗುತ್ತದೆ, ಮಗು ಸತ್ತೇ ಹುಟ್ಟಬಹುದು.

ಇಷ್ಟು ದೊಡ್ಡ ರೋಗಕ್ಕೆ ಮದ್ದು ಮಾತ್ರ ಹಳೇದು, ಅಗ್ಗದ್ದು. 1943ರಲ್ಲಿ ಅಮೆರಿಕದಲ್ಲಿ ಮಹೋನಿ ಎಂಬ ಡಾಕ್ಟರು ಪೆನಿಸಿಲಿನ್‌ನಿಂದ ಸಿಫಿಲಿಸ್ ವಾಸಿಮಾಡಿ ತೋರಿಸಿದರು. ಇವತ್ತಿಗೂ ಅದೇ ಮದ್ದು. ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ಪುಡಿಗೆ ನೀರು ಬೆರೆಸಿದರೆ ಗಟ್ಟಿ ಹಾಲಿನ ಹಾಗಾಗುತ್ತದೆ. ಸೂಜಿ ಕಟ್ಟಿಕೊಳ್ಳುತ್ತದೆ ಅಂತ ನಮ್ಮ ಸಿಸ್ಟರ್‌ಗಳು ಗೊಣಗುತ್ತಿದ್ದರು. ಎರಡು ಪಾಲು ಮಾಡಿ ಎರಡೂ ಕಡೆ ಸೊಂಟಕ್ಕೆ ಕೊಡುತ್ತಾರೆ. ನೋವಾಗುತ್ತದೆ, ಸುಮ್ನೆ ಇಲ್ಲ ಅನ್ನಲಾರೆ. ರೋಗ ಹೊಸದಾಗಿದ್ದರೆ ಒಂದು ಸಲ ಸಾಕು. ಇವರಿಗೆ ಯಾವಾಗ ತಗುಲಿತ್ತೋ ಲೆಕ್ಕ ಸಿಗಲಿಲ್ಲ, ಹಾಗಾಗಿ ವಾರಕ್ಕೊಂದರಂತೆ ಮೂರು ವಾರ. ಗಂಡ ಹೆಂಡತಿ ಇಬ್ಬರಿಗೂ. ಒಬ್ಬರಿಗೇ ಕೊಟ್ಟರೆ ಇನ್ನೊಬ್ಬರಿಂದ ವಾಪಸ್ ಬರುತ್ತದೆ. ಆಮೇಲೆ ಮತ್ತೆ ಮತ್ತೆ ಬಂದು ರಕ್ತ ಕೊಟ್ಟರು. 32 ಇದ್ದದ್ದು 8ಕ್ಕೆ ಇಳಿಯಿತು, ಆಮೇಲೆ 2ಕ್ಕೆ. ಅಂದರೆ ಮದ್ದು ಕೆಲಸ ಮಾಡಿತ್ತು. ಹುಟ್ಟಿದ ಗಂಡುಮಗು ಈಗ ಪಿಯುಸಿ ಓದುತ್ತಿದ್ದಾನೆ.

ಇದು ನಾನು ಖುಷಿಯಿಂದ ಹೇಳುವ ಕತೆ. ಇನ್ನೊಂದಿದೆ, ಅದನ್ನು ಹೇಳಲು ಖುಷಿಯಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ಲ್ಯಾಬಿನ ಕಿಟಕಿಯಲ್ಲಿ ರಿಪೋರ್ಟ್ ಕೊಡುತ್ತಿದ್ದೆ. ಕ್ಯೂ ದೊಡ್ಡದಿತ್ತು. ಅವಸರದಲ್ಲಿ 'ವಿಡಿಆರ್‌ಎಲ್ ಯಾರದ್ರೀ?' ಅಂತ ಜೋರಾಗಿ ಕೂಗಿಬಿಟ್ಟೆ. ಒಬ್ಬ ಹುಡುಗ ಮುಂದೆ ಬಂದವನು ಅಲ್ಲೇ ನಿಂತ. ಹಿಂದೆ ಇದ್ದವರೆಲ್ಲ ತಿರುಗಿ ನೋಡಿದರು. ಅವನು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ರಿಪೋರ್ಟ್ ಪಾಸಿಟಿವ್ ಇತ್ತು. ಅವನು ಮತ್ತೆ ಬರಲಿಲ್ಲ. ಆಮೇಲೆ ನಾನು ಯಾವತ್ತೂ ಟೆಸ್ಟಿನ ಹೆಸರು ಕೂಗಲಿಲ್ಲ, ಬರೀ ನಂಬರ್ ಕರೆದೆ. ಜನ ಸೂಜಿಗೆ ಹೆದರುತ್ತಾರೆ ಅಂದುಕೊಂಡಿದ್ದೆ. ಅವರು ಹೆದರುವುದು ಕಿಟಕಿಗೆ.

ಈಗ ಸ್ವಲ್ಪ ಬದಲಾಗಿದೆ. ಜಿಲ್ಲಾಸ್ಪತ್ರೆಗಳಲ್ಲಿ ಇಂಥ ರೋಗಗಳಿಗೆಂದೇ ಸುರಕ್ಷಾ ಕ್ಲಿನಿಕ್ ಇದೆ, ಟೆಸ್ಟು ಮದ್ದು ಎರಡೂ ಉಚಿತ. ಒಬ್ಬ ಕೌನ್ಸೆಲರ್ ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ. ಮದ್ದಿನ ಕಿಟ್‌ಗಳಿಗೆ ಬಣ್ಣದ ಗುರುತು. ಮೂತ್ರದ ದಾರಿಯಲ್ಲಿ ಕೀವು ಹೋದರೆ ಬೂದು, ಕೆಲವು ಬಗೆಯ ಬಿಳಿ ಸೆರಗಿಗೆ ಹಸಿರು, ಹರ್ಪಿಸ್ ಹುಣ್ಣಿಗೆ ಕೆಂಪು. ಎಲ್ಲ ಕಡೆ ದೊಡ್ಡ ಲ್ಯಾಬ್ ಇರುವುದಿಲ್ಲವಲ್ಲ, ಲಕ್ಷಣ ನೋಡಿ ಅವತ್ತೇ ಮದ್ದು ಶುರುವಾಗಲಿ ಅಂತ ಈ ಏರ್ಪಾಡು. ಗೆಳೆಯನಿಗೆ ಕೊಟ್ಟ ಮಾತ್ರೆ ನೀವು ನುಂಗಬೇಡಿ, ಅವನ ಬಣ್ಣ ಬೇರೆ ಇರಬಹುದು.

ನಿಮ್ಮ ಚೀಟಿ ಡಬ್ಬಿ ಬಂದಿದೆ. ಓದುತ್ತೇನೆ.

'ಫುಲ್ ಬಾಡಿ ಚೆಕಪ್ ಮಾಡಿಸಿದ್ದೇನೆ, ಎಲ್ಲ ನಾರ್ಮಲ್. ಸಾಲದಾ?' ಸಾಲದು. ಸಾಮಾನ್ಯವಾಗಿ ಆ ಪ್ಯಾಕೇಜಿನಲ್ಲಿ ಶುಗರ್, ಕೊಲೆಸ್ಟರಾಲ್, ಥೈರಾಯ್ಡ್ ಇರುತ್ತವೆ, ಈ ಗುಪ್ತರೋಗಗಳ ಟೆಸ್ಟ್ ಇರುವುದಿಲ್ಲ. ಹೆಸರು ಹೇಳಿ ಕೇಳಬೇಕು. ಗೊನೋರಿಯಾ, ಕ್ಲಮೈಡಿಯಾ ಅನ್ನುವ ಇನ್ನೆರಡು ಗುಪ್ತರೋಗಗಳನ್ನು ರಕ್ತದಲ್ಲಿ ಹುಡುಕುವುದಿಲ್ಲ, ಮೂತ್ರ ಅಥವಾ ಸ್ವಾಬ್ ಬೇಕು.

'ಸಂಪರ್ಕವಾದ ಮಾರನೇ ದಿನವೇ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದಾ?' ಇಲ್ಲ. ರಕ್ತದಲ್ಲಿ ಸುಳಿವು ಮೂಡಲು ಸಮಯ ಬೇಕು. ಎಚ್‌ಐವಿ, ಸಿಫಿಲಿಸ್ ಎರಡಕ್ಕೂ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಆದರೆ ಎಚ್‌ಐವಿ ತಗುಲಿರಬಹುದು ಅನ್ನುವ ಭಯವಿದ್ದರೆ ಕಾಯಬೇಡಿ. 72 ಗಂಟೆಯೊಳಗೆ ಆಸ್ಪತ್ರೆಗೆ ಹೋದರೆ ತಡೆಯುವ ಮಾತ್ರೆ ಇದೆ, ಬೇಗ ಹೋದಷ್ಟೂ ಒಳ್ಳೆಯದು.

'ಮನೆಗೆ ಫೋನ್ ಮಾಡುತ್ತಾರಾ?' 18 ದಾಟಿದ್ದರೆ ನಿಮ್ಮನ್ನು ಕೇಳದೆ ಮನೆಯವರಿಗೆ ಹೇಳುವಂತಿಲ್ಲ. ಎಚ್‌ಐವಿಗಂತೂ 2017ರ ಕಾನೂನೇ ಇದೆ. ಒಪ್ಪಿಗೆಯಿಲ್ಲದೆ ಟೆಸ್ಟ್ ಮಾಡುವಂತಿಲ್ಲ, ಗುಟ್ಟು ಬಿಡುವಂತಿಲ್ಲ. ಮುಖ ತೋರಿಸಲು ಸಂಕೋಚವಾದರೆ ಮೊದಲು 1097ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹೆಸರೂ ಹೇಳಬೇಕಿಲ್ಲ.

ಮೂರೇ ಚೀಟಿನಾ? ಇಷ್ಟು ಜನ ಇದ್ದೀರಿ! ಡಬ್ಬಿ ಇನ್ನೊಮ್ಮೆ ಹಿಂದಿನ ಬೆಂಚಿಗೆ ಹೋಗಿ ಬರಲಿ. ನಾನು ಅಲ್ಲಿಯವರೆಗೆ ಆ ಕಡೆ ತಿರುಗಿ ನೀರು ಕುಡಿಯುತ್ತೇನೆ.